ಅಣಬೆ ಕೋಣೆಗೆ ನುಸಿ: ಕೀಟಶಾಸ್ತ್ರಜ್ಞೆ ಜೊತೆ ಪ್ರಶ್ನೋತ್ತರ

ಅಡ್ಮಿನ್: ಅಣಬೆ ಕೋಣೆಗಳಲ್ಲಿ ನುಸಿ (ಮೈಟ್) ಕಾಟ ಅಂತ ಮಂಡ್ಯ, ಮೈಸೂರು ಎರಡೂ ಕಡೆಯಿಂದ ಕೇಳ್ತಿದ್ದಾರೆ. ಮೇಡಂ ಇವತ್ತು ಸಂಜೆ ಉತ್ತರ ಕೊಡ್ತಾರೆ. ಮೇಲಿನದನ್ನು ಓದಿ ಆಮೇಲೆ ಕೇಳಿ.

ನಂಜನಗೂಡು ಸದಸ್ಯ: ನಮಸ್ತೆ ಮೇಡಂ. ಬ್ಯಾಗ್ ಮೇಲೆ ಬೇವಿನೆಣ್ಣೆ ಹೊಡೀಬಹುದಾ?

ಮೇಡಂ: ನಮಸ್ಕಾರ. ಬೇಡಿ. ಅಣಬೆಗೆ ಎಣ್ಣೆ ವಾಸನೆ ಹಿಡಿಯುತ್ತೆ, ಬ್ಯಾಗಿನ ಒಳಗಿರುವ ನುಸಿಗೆ ಅದು ತಾಗೋದೇ ಇಲ್ಲ. ಬಾಗಿಲು, ಕಿಟಕಿಗೆ 40 ಮೆಶ್‌ನ, ಅಂದರೆ ಇಂಚಿಗೆ 40 ಕಣ್ಣಿನ ಪರದೆ ಹಾಕಿ. ಅಣಬೆ ನೊಣದ ಮೈಗೆ ಅಂಟಿಕೊಂಡು ನುಸಿ ಒಳಗೆ ಬರುತ್ತೆ, ನೊಣ ತಡೆದರೆ ಅರ್ಧ ಕೆಲಸ ಮುಗೀತು.

ಮಳವಳ್ಳಿ ಸದಸ್ಯೆ: ಮೇಡಂ, ರೇಷ್ಮೆ ಹುಳದ ಮನೆ ಪಕ್ಕದ ಕೋಣೇಲಿ ಚಿಪ್ಪು ಅಣಬೆ ಹಾಕಿದೀವಿ. ಬ್ಯಾಗ್ ಮೇಲೆ ಖಾರದಪುಡಿ ಚೆಲ್ದಂಗೆ ಕೆಂಪಗೆ ಏನೋ ಹರಿದಾಡ್ತವೆ. ಕೆಲವು ಬ್ಯಾಗ್ ಒಳಗೆ ಹಸುರು ಮಚ್ಚೆ ಬಂದದೆ. ಬ್ಯಾಗಿಗೆ ತುಂಬೋ ಹುಲ್ಲು ಕತ್ತರಿಸಿದ ನಮ್ಮತ್ತೆಗೆ ಹೊಟ್ಟೆ, ತೋಳೆಲ್ಲ ಕೆಂಪು ಗುಳ್ಳೆ, ರಾತ್ರಿ ನಿದ್ದೆ ಇಲ್ಲ. ಹುಳ ನಾಕ್ನೇ ಜ್ವರ (ಪೊರೆ ಬಿಡೋ ನಿದ್ದೆ) ಮುಗ್ಸಿ ಎದ್ದವೆ. ನುವಾನ್‌ನಲ್ಲಿ ಬಟ್ಟೆ ಅದ್ದಿ ನೇತಾಕಿ ಅಂತ ಮೆಸೇಜ್ ಬಂದದೆ, ನಮ್ಮನೆಯವರು ಅಂಗಡಿಗೆ ಹೊಂಟವ್ರೆ.

ಮೇಡಂ: ತಾಯಿ, ಮೊದಲು ಫೋನ್ ಮಾಡಿ ಅವರನ್ನು ವಾಪಸ್ ಕರೆಸಿ. ಮಿಕ್ಕಿದ್ದು ಆಮೇಲೆ ಓದಿ.

ನುವಾನ್ ಅಂದರೆ ಡೈಕ್ಲೋರ್ವಾಸ್. ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ಅದರ ಬಳಕೆಗೇ ನಿಷೇಧ ಇದೆ. ಅದು ಆವಿಯಾಗಿ ಗೋಡೆ ಸಂದಿಯಲ್ಲೆಲ್ಲ ನುಗ್ಗುತ್ತೆ. ಈ ಹೊತ್ತಲ್ಲಿ ಪಕ್ಕದ ಕೋಣೆಗೆ ಅದನ್ನು ಬಿಟ್ಟರೆ ನಿಮ್ಮ ಹುಳ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆ ಹತ್ತುವ ಮಾತೇ ಇಲ್ಲ. ಅಣಬೆಗೂ ವಿಷ ಸೇರುತ್ತೆ, ಅದನ್ನು ತಿನ್ನೋರು ಮನುಷ್ಯರು.

ಈಗ ಆ ಕೆಂಪು ನುಸಿ ವಿಚಾರ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಪಿಗ್ಮಿಫೋರಸ್ ಗುಂಪಿನ ನುಸಿ. ಅದು ಅಣಬೆ ಬೀಜದ ಬಿಳಿ ಎಳೆ ತಿನ್ನೋದಿಲ್ಲ. ಅದಕ್ಕೆ ಬೇಕಾದ್ದು ಆ ಹಸುರು ಬೂಸ್ಟು, ಅಂದರೆ ಟ್ರೈಕೋಡರ್ಮಾ. ಬೂಸ್ಟು ಇರುವ ತನಕ ನುಸಿ ಇರುತ್ತೆ, ಏನೇ ಹೊಡೆದರೂ ತಿರುಗಿ ಬರುತ್ತೆ. ಅದಕ್ಕೇ ಬೂಸ್ಟು ಎಲ್ಲಿಂದ ಬಂತು ಅಂತ ನನಗೆ ತಿಳಿಯಬೇಕು. ಹುಲ್ಲನ್ನು ಎಷ್ಟು ಬಿಸಿಗೆ ಹಾಕಿದ್ರಿ? ಹಿಂಡಿದಾಗ ನೀರು ತೊಟ್ಟಿಕ್ಕುತ್ತಿತ್ತಾ? ಮನೇಲಿ ಯಾರಾದರೂ ತೋಟದ ಗೊಬ್ಬರಕ್ಕೆ ಟ್ರೈಕೋಡರ್ಮಾ ಪುಡಿ ಕಲಸಿದ್ದಾರಾ?

ಅತ್ತೆಯವರ ಗುಳ್ಳೆ ಈ ಕೆಂಪು ನುಸಿಯದ್ದಲ್ಲ ಅನ್ಸುತ್ತೆ. ಒಣಹುಲ್ಲಿನಲ್ಲಿ ಪೈಮೋಟಿಸ್ ಅನ್ನೋ ಇನ್ನೊಂದು ನುಸಿ ಇರುತ್ತೆ, ಕಣ್ಣಿಗೆ ಕಾಣೋದು ಕಷ್ಟ, ಹುಲ್ಲು ಮುಟ್ಟಿದವರಿಗೆ ಕಚ್ಚುತ್ತೆ. ಮನುಷ್ಯರ ಮೈಮೇಲೆ ಅದು ಬದುಕೋದಿಲ್ಲ, ಆದರೆ ರೇಷ್ಮೆ ಹುಳದ ಮೇಲೆ ಕೂತು ರಸ ಹೀರುತ್ತೆ. ನನಗೆ ಭಯ ಇರೋದು ಇದರ ಬಗ್ಗೆ. ಇವತ್ತೇ ಆ ಹುಲ್ಲನ್ನು ಹುಳದ ಮನೆಯಿಂದ ದೂರ ಸಾಗಿಸಿ. ಬೆಳಿಗ್ಗೆ ಮೊದಲು ಹುಳಕ್ಕೆ ಸೊಪ್ಪು ಹಾಕಿ ಮುಗಿಸಿ, ಅಣಬೆ ಕೆಲಸ ಆಮೇಲೆ. ಅಣಬೆ ಕೋಣೆಗೆ ಹೋದವರು ಸ್ನಾನ ಮಾಡಿ ಬಟ್ಟೆ ಬದಲಾಯಿಸದೆ ಹುಳದ ಮನೆ ಹೊಸಿಲು ದಾಟಬಾರದು. ಅತ್ತೆಗೆ ಜ್ವರ ಇದೆಯಾ ತಿಳಿಸಿ.

ಹಸುರು ಬಂದ ಬ್ಯಾಗ್ ಬಿಚ್ಚಬೇಡಿ. ಮೇಲೊಂದು ಕವರ್ ಹಾಕಿ ಬಿಗಿಯಾಗಿ ಕಟ್ಟಿ ಹೊರಗೆ ತನ್ನಿ, ಡ್ರಮ್ಮಿನ ಬಿಸಿ ನೀರಲ್ಲಿ ಮುಳುಗಿಸಿ ಬೇಯಿಸಿ.

ಕೆ.ಆರ್. ಪೇಟೆ ಸದಸ್ಯ: ಹೊಗೆಸೊಪ್ಪಿನ ಕಷಾಯ ಸಿಂಪಡಿಸಿ, ಪಕ್ಕಾ ನೈಸರ್ಗಿಕ. ಎಲ್ಲಾ ಗುಂಪಿಗೂ ಹಂಚಿ 🙏

ಮೇಡಂ: ಹಂಚಬೇಡಿ. ಹೊಗೆಸೊಪ್ಪಿನ ನಿಕೋಟಿನ್ ರೇಷ್ಮೆ ಹುಳಕ್ಕೆ ನೇರ ವಿಷ. ಸೊಪ್ಪಿನಿಂದ ಬಂದದ್ದೆಲ್ಲ ನಿರಪಾಯ ಅಂತ ನಂಬಿಸಬೇಡಿ.

ಮದ್ದೂರು ಸದಸ್ಯ: ಇದಕ್ಕೆಲ್ಲ ಕಾರಣ ಹುಲ್ಲನ್ನು ಸರಿಯಾಗಿ ನೆನೆಸದೆ ಇರೋದು. ನಾವು ಕಾರ್ಬೆಂಡಾಜಿಮ್ ಅನ್ನೋ ಬೂಸ್ಟುನಾಶಕ, ಫಾರ್ಮಾಲಿನ್ ಬೆರೆಸಿದ ನೀರಲ್ಲಿ ರಾತ್ರಿಯೆಲ್ಲ ನೆನೆಸ್ತೀವಿ. ಬೂಸ್ಟೇ ಇಲ್ಲ.

ಶ್ರೀರಂಗಪಟ್ಟಣ ಸದಸ್ಯ: ಅದನ್ನೇ ಆರೋಗ್ಯಕರ ಅಣಬೆ ಅಂತ ಮಾರ್ತೀರಲ್ಲ ಅಣ್ಣ? ಬಿಸಿ ನೀರಲ್ಲಿ ಮಾಡೋಕೆ ಏನು ಕಷ್ಟ?

ಮದ್ದೂರು ಸದಸ್ಯ: ಸೌದೆ ನೀವು ಕೊಡಿಸ್ತೀರಾ? ದಿನಕ್ಕೆ ನೂರು ಬ್ಯಾಗ್ ಕಟ್ಟಿ ನೋಡಿ, ಆಮೇಲೆ ಮಾತಾಡಿ.

ಶ್ರೀರಂಗಪಟ್ಟಣ ಸದಸ್ಯ: ನೂರು ಕಟ್ಟೋರು ಏನು ಬೇಕಾದ್ರೂ ತಿನ್ನಿಸಬಹುದಾ?

ಕುವೆಂಪುನಗರ ಸದಸ್ಯ: ಮೇಡಂ, ಅಣಬೆ ಅಲ್ಲ. ಮೇಲಿನ ರೂಮಲ್ಲಿ ಎಲ್‌ಇಡಿ ಬೆಳಕಲ್ಲಿ ಮೆಣಸಿನ ಗಿಡ ಇಟ್ಟಿದೀನಿ. ಎಲೆ ಮುದುರ್ತಿದೆ. ಇಮಿಡಾಕ್ಲೋಪ್ರಿಡ್ ಕೀಟನಾಶಕ ಹೊಡೆದೆ, ಜಾಸ್ತಿ ಆಯ್ತು.

ಮೇಡಂ: ಎಲೆ ಅಂಚು ಕೆಳಕ್ಕೆ ಮುದುರಿದರೆ ನುಸಿ, ಮೇಲಕ್ಕಾದರೆ ಥ್ರಿಪ್ಸ್ ಅನ್ನೋ ಸಣ್ಣ ಕೀಟ. ನುಸಿಗೆ ಎಂಟು ಕಾಲು, ಅದು ಕೀಟ ಅಲ್ಲ. ಇಮಿಡಾಕ್ಲೋಪ್ರಿಡ್‌ಗೆ ಅದು ಬಗ್ಗೋದಿಲ್ಲ. ಮುದುರಿದ ತುದಿಗಳನ್ನು ಕತ್ತರಿಸಿ ಕವರಿನಲ್ಲಿ ಕಟ್ಟಿ ಬಿಸಾಡಿ. ಗಿಡ ಹೊರಗೆ ತಂದು ಸಂಜೆ ಹೊತ್ತಲ್ಲಿ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ, ಎಲೆ ಅಡಿಗೂ ಬೀಳೋ ಹಾಗೆ ಹೊಡೀರಿ. ಬೇವಿನೆಣ್ಣೆ ಹೊಡೆದಿದ್ದರೆ ಎರಡು ವಾರ ಗಂಧಕ ಬೇಡ, ಎಲೆ ಸುಡುತ್ತೆ. ಮಲಗುವ ಮನೆಯೊಳಗೆ ಯಾವ ನುಸಿನಾಶಕವೂ ಬೇಡ.

ಪಾಂಡವಪುರ ಸದಸ್ಯ: ಮೈಸೂರಲ್ಲಿ ಅಣಬೆ ಕೆ.ಜಿ.ಗೆ ಎಷ್ಟು ನಡೀತಿದೆ?

ಟಿ. ನರಸೀಪುರ ಸದಸ್ಯೆ: ಬೇವಿನೆಣ್ಣೆ ಹೊಡೀಬಹುದಾ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಮಳವಳ್ಳಿ ಸದಸ್ಯೆ: ಮೇಡಂ, ಅವರು ವಾಪಸ್ ಬಂದ್ರು. ನೀವು ಕೇಳಿದ್ದು ನಿಜ. ಮಾವ ತೆಂಗಿನ ಗೊಬ್ಬರಕ್ಕೆ ಟ್ರೈಕೋಡರ್ಮಾ ಕಲಸಿದ್ರು, ಅದೇ ತೊಟ್ಟೀಲಿ ನಾವು ಹುಲ್ಲು ನೆನೆಸಿದ್ದು. ಬಿಸಿ ನೀರು ಸುಮ್ನೆ ಮೇಲಿಂದ ಹುಯ್ದ್ವಿ.

ಮೇಡಂ: ಸಿಕ್ತು ನೋಡಿ. ತೋಟದಲ್ಲಿ ಬೇರು ಕಾಯೋ ಶಿಲೀಂಧ್ರ ಅದು, ಆದರೆ ಅಣಬೆಗೆ ಶತ್ರು. ಅಣಬೆಯೂ ಶಿಲೀಂಧ್ರವೇ ಅಲ್ವಾ. ಆ ತೊಟ್ಟಿ, ಆ ಸಲಿಕೆ, ಗೊಬ್ಬರ ಕಲಸಿದ ಬಟ್ಟೆ ಯಾವುದೂ ಇನ್ನು ಅಣಬೆ ಕಡೆ ಬರಬಾರದು. ಹುಲ್ಲಿಗೆ ಬೇರೆ ಡ್ರಮ್ ಇಡಿ. ಮೇಲಿಂದ ಹುಯ್ದರೆ ಸಾಲದು, ಮುಳುಗಿಸಿ 80 ಡಿಗ್ರಿಯಲ್ಲಿ ಒಂದು ಗಂಟೆ ಇಡಬೇಕು. ಹಿಂಡಿದರೆ ಕೈ ಒದ್ದೆ ಆಗಬೇಕು, ಹನಿ ಬೀಳಬಾರದು. ಗೂಡು ಬಿಡಿಸೋ ತನಕ ಅಣಬೆ ಕೋಣೆಗೆ ಫಾರ್ಮಾಲಿನ್ ಮುಟ್ಟಿಸಬೇಡಿ. ಹುಳ ಸೊಪ್ಪು ತಿನ್ನೋದು ಬಿಟ್ಟರೆ ತಡಮಾಡದೆ ಮೈಸೂರಿನ ಶ್ರೀರಾಂಪುರದ ರೇಷ್ಮೆ ಸಂಶೋಧನಾ ಸಂಸ್ಥೆಗೆ ಮಾದರಿ ಒಯ್ಯಿರಿ.

ಮದ್ದೂರು ಸದಸ್ಯ: ಫಾರ್ಮಾಲಿನ್ ಬೇಡ ಅಂತ ನನಗೆ ಹೇಳಿದ್ದಾ ಮೇಡಂ?

ಮೇಡಂ: ಅವರಿಗೆ ಹೇಳಿದ್ದು. ಪಕ್ಕದಲ್ಲಿ ಹುಳ ಇದೆ. ನಿಮ್ಮಿಬ್ಬರ ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ಶ್ರೀರಂಗಪಟ್ಟಣ ಸದಸ್ಯ: ಜಗಳ ಶುರು ಮಾಡಿದ್ದು ನಾನಲ್ಲ.

ಕೆ.ಆರ್. ಪೇಟೆ ಸದಸ್ಯ: ನುಸಿಗೆ ನುವಾನ್ 5 ಎಂ.ಎಲ್., ಅನುಭವಸ್ಥರ ಸಲಹೆ, ತಪ್ಪದೆ ಓದಿ (ಫಾರ್ವರ್ಡ್)

ಮೇಡಂ: ಇದನ್ನು ಈಗಲೇ ಅಳಿಸಿ. ಒಬ್ಬರ ಮನೆಯ ಬೆಳೆ ಇದರಿಂದ ಇವತ್ತು ಹೋಗ್ತಿತ್ತು. ಅಡ್ಮಿನ್, ಅವರು ಅಳಿಸದಿದ್ದರೆ ನೀವು ಅಳಿಸಿ.

ಟಿ. ನರಸೀಪುರ ಸದಸ್ಯೆ: ಮೇಲೆ ಎಲ್ಲಿ ಹೇಳಿದೀರ ಮೇಡಂ, ಸಿಗ್ತಿಲ್ಲ.

ಮೇಡಂ: ಮಳವಳ್ಳಿಯವರೇ, ಅತ್ತೆಯವರ ಜ್ವರ ಕೇಳಿದ್ದೆ, ಉತ್ತರ ಬರಲಿಲ್ಲ.

ಮಳವಳ್ಳಿ ಸದಸ್ಯೆ: ಜ್ವರ ಇಲ್ಲ ಮೇಡಂ, ಕೆರೆತ ಅಷ್ಟೇ. ಬೆಳಿಗ್ಗೆ ಆಸ್ಪತ್ರೆಗೆ ಕರ್ಕೊಂಡೋಯ್ತೀವಿ. ಹುಲ್ಲು ಈಗ ಸಾಗಿಸ್ತಾವ್ರೆ.