ತೆಂಗಿನೆಣ್ಣೆ ಹಾಕಿದ್ರೂ ಸೋಪಿನಲ್ಲಿ ನೊರೆ ಯಾಕೆ ಬರ್ತಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ರೆಡಿ ಸೋಪ್ ಬೇಸ್ ತಂದು, ಕರಗಿಸಿ, ಅಚ್ಚಿಗೆ ಹೊಯ್ದು ಮನೆಯಲ್ಲೇ ಸೋಪ್ ಮಾಡ್ತೀನಿ. ನೋಡೋಕೆ ಚೆನ್ನಾಗಿರುತ್ತೆ, ಪರಿಮಳವೂ ಸೊಗಸಾಗಿರುತ್ತೆ, ನೊರೆ ಮಾತ್ರ ಅಷ್ಟಕ್ಕಷ್ಟೆ. ತೆಂಗಿನೆಣ್ಣೆಯಿಂದ ನೊರೆ ಜಾಸ್ತಿ ಬರುತ್ತೆ, ಹರಳೆಣ್ಣೆಯಿಂದ ನೊರೆ ನಿಲ್ಲುತ್ತೆ ಅಂತ ಓದಿದ್ದೆ. ಅದಕ್ಕೆ ಈ ಸಲ ಅರ್ಧ ಕೆಜಿ ಶಿಯಾ ಬಟರ್ ಬೇಸ್‌ಗೆ ಎರಡು ದೊಡ್ಡ ಚಮಚ ತೆಂಗಿನೆಣ್ಣೆ, ಒಂದು ದೊಡ್ಡ ಚಮಚ ಹರಳೆಣ್ಣೆ ಸೇರಿಸಿದೆ. ಇದ್ದ ನೊರೆಯೂ ಹೋಯ್ತು, ಕೈಯೆಲ್ಲ ಜಿಡ್ಡು. ಎಣ್ಣೆ ಇನ್ನೂ ಜಾಸ್ತಿ ಹಾಕಬೇಕಾ?

ಉತ್ತರ (ಸೋಪ್ ಫಾರ್ಮ್ಯುಲೇಟರ್, ಅಂದರೆ ಸೋಪಿನ ಮಿಶ್ರಣ ರೂಪಿಸುವವರು): ಬೇಡ, ದಯವಿಟ್ಟು ಇನ್ನೊಂದು ಹನಿಯೂ ಬೇಡ. ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಜಾತಿಯ ಸೋಪಿನ ವಿಷಯ. ಕಾಸ್ಟಿಕ್ ಸೋಡಾ ಬಳಸಿ ಎಣ್ಣೆಯಿಂದಲೇ ಸೋಪ್ ಮಾಡುವಾಗ ಆ ಎಣ್ಣೆ ಕ್ಷಾರದ ಜೊತೆ ಸೇರಿ ಸೋಪಾಗಿ ಬದಲಾಗುತ್ತೆ. ತೆಂಗಿನೆಣ್ಣೆಯಲ್ಲಿರುವ ಲಾರಿಕ್, ಮಿರಿಸ್ಟಿಕ್ ಆಮ್ಲಗಳಿಂದ ಆಗುವ ಸೋಪು ದೊಡ್ಡ ದೊಡ್ಡ ಗುಳ್ಳೆಯ ನೊರೆ ಕೊಡುತ್ತೆ. ಹರಳೆಣ್ಣೆಯ ರಿಸಿನೋಲಿಕ್ ಆಮ್ಲದಿಂದ ಆಗುವ ಸೋಪು ಆ ನೊರೆಯನ್ನು ಬೇಗ ಇಳಿಯಲು ಬಿಡಲ್ಲ.

ನಿಮ್ಮ ಬೇಸ್‌ನಲ್ಲಿ ಈ ಕೆಲಸ ಕಾರ್ಖಾನೆಯಲ್ಲೇ ಮುಗಿದಿದೆ. ಎಣ್ಣೆಯನ್ನು ಸೋಪಾಗಿಸಲು ಬೇಕಾದ ಕ್ಷಾರ ಅದರಲ್ಲಿ ಉಳಿದಿಲ್ಲ. ಹಾಗಾಗಿ ನೀವು ಹಾಕಿದ ಎಣ್ಣೆ ಎಣ್ಣೆಯಾಗಿಯೇ ಕೂತಿರುತ್ತೆ. ಕೈ ಉಜ್ಜಿದಾಗ ಸೋಪು ಮೊದಲು ತನ್ನೊಳಗಿನ ಆ ಜಿಡ್ಡನ್ನೇ ತೊಳೆಯಬೇಕು. ಅಷ್ಟರಲ್ಲೂ ಏಳುವ ಗುಳ್ಳೆಗಳ ತೆಳು ಪೊರೆಯ ಮೇಲೆ ಎಣ್ಣೆ ಹರಡಿಕೊಂಡು ಅವನ್ನು ಒಡೆದುಬಿಡುತ್ತೆ.

ಲೆಕ್ಕ ನೋಡಿ. ಮೂರು ದೊಡ್ಡ ಚಮಚ ಅಂದರೆ ಸುಮಾರು 40 ಗ್ರಾಂ ಎಣ್ಣೆ, ನಿಮ್ಮ ಬೇಸಿನ ಶೇ. 8. ಕರಗಿಸಿ ಹೊಯ್ಯುವ ಸೋಪಿಗೆ ನಾನು ಶೇ. 1ಕ್ಕಿಂತ ಹೆಚ್ಚು ಹಾಕಲು ಹೇಳುವುದಿಲ್ಲ. ಅರ್ಧ ಕೆಜಿಗೆ 5 ಗ್ರಾಂ, ಒಂದು ಟೀ ಚಮಚ. ಶಿಯಾ ಬೇಸ್ ಆದರೆ ಅದೂ ಬೇಡ, ಕೊಬ್ಬು ಆಗಲೇ ಅದರಲ್ಲಿದೆ. ಸುಗಂಧದ ಎಣ್ಣೆಗೂ ಅದರದೇ ಮಿತಿ ಇದೆ. ಶೇ. 3 ದಾಟಿದರೆ ಪರಿಮಳ ಹೆಚ್ಚಾಗುವ ಬದಲು ನೊರೆ ಸಾಯುತ್ತೆ. ಎಸೆನ್ಷಿಯಲ್ ಆಯಿಲ್‌ಗಳಿಗೆ ಚರ್ಮದ ಸುರಕ್ಷತೆಯ ಮಿತಿ ಇದಕ್ಕಿಂತಲೂ ಕಡಿಮೆ ಇರಬಹುದು, ಮಾರುವವರು ಕೊಟ್ಟ ಮಿತಿಯನ್ನೇ ಪಾಲಿಸಿ.

ಮುಂದಿನ ಪ್ರಯೋಗಕ್ಕೆ ಮೊದಲು ಒಂದು ಕೆಲಸ ಮಾಡಿ. ಬೇಸಿನ ಒಂದು ತುಂಡನ್ನು ಕರಗಿಸದೆ, ಏನೂ ಬೆರೆಸದೆ, ಹಾಗೇ ಕೈಗೆ ಉಜ್ಜಿ ನೋಡಿ. ಅದು ಚೆನ್ನಾಗಿ ನೊರೆ ಬಿಟ್ಟರೆ ತಪ್ಪು ನೀವು ಸೇರಿಸಿದ್ದರಲ್ಲಿದೆ. ಬಿಡದಿದ್ದರೆ ಬೇಸಿನಲ್ಲೋ ನೀರಿನಲ್ಲೋ ಇದೆ. ಈ ಪರೀಕ್ಷೆ ಮಾಡದೆ ಅದು ಹಾಕಲಾ ಇದು ಹಾಕಲಾ ಅಂತ ಕೇಳುವವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ!

ಪ್ರಶ್ನೆ: ಮಾಡಿದೆ ಮೇಡಂ. ಬರೀ ಬೇಸ್ ಪರವಾಗಿಲ್ಲ, ನೊರೆ ಬಂತು. ಆದರೆ ತುಂಬಾ ಏನಿಲ್ಲ. ನಮ್ಮದು ಬೋರ್‌ವೆಲ್ ನೀರು, ನಲ್ಲಿಯ ಮೇಲೆಲ್ಲ ಬಿಳಿ ಕಲೆ ಕಟ್ಟುತ್ತೆ.

ಉತ್ತರ: ಆ ಬಿಳಿ ಕಲೆಯೇ ಸಾಕ್ಷಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಬಿಳಿ ಕೆನೆಯಾಗುತ್ತೆ. ಅದಕ್ಕೆ ಖರ್ಚಾಗಿ ಉಳಿದ ಸೋಪು ಮಾತ್ರ ನೊರೆಗೆ ಸಿಗೋದು. ಖಾತ್ರಿಗೆ ಎರಡು ಒಂದೇ ಥರದ ಬಾಟಲಿ ತಗೊಳ್ಳಿ. ಒಂದಕ್ಕೆ ಡಿಸ್ಟಿಲ್ಡ್ ವಾಟರ್, ಇನ್ನೊಂದಕ್ಕೆ ನಿಮ್ಮ ನೀರು. ಎರಡಕ್ಕೂ ಒಂದೇ ತೂಕದ ಸೋಪಿನ ಚೂರು ಹಾಕಿ, ಕರಗಲು ಬಿಟ್ಟು, ಜೋರಾಗಿ ಕುಲುಕಿ. ಮೊದಲನೆಯದರಲ್ಲಿ ನೊರೆ ತುಂಬಿ, ಎರಡನೆಯದು ಮಬ್ಬಾಗಿ ನಿಂತರೆ ನೀರಿನದೇ ತಕರಾರು.

ಇದಕ್ಕೆ ಸೋಡಿಯಂ ಸಿಟ್ರೇಟ್ (ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಲವಣ) ಸ್ವಲ್ಪ ಸಹಾಯ ಮಾಡುತ್ತೆ. ಅರ್ಧ ಕೆಜಿಗೆ 5 ಗ್ರಾಂ, ಬಿಸಿ ನೀರಲ್ಲಿ ಕರಗಿಸಿ ಬೆರೆಸಿ, ನೀರಿನ ಪ್ರಮಾಣ ಆದಷ್ಟು ಕಡಿಮೆ ಇರಲಿ. ನೀರು ತೀರಾ ಗಡಸಾಗಿದ್ದರೆ ಮಾತ್ರ ಇದರಿಂದ ಪವಾಡ ಆಗಲ್ಲ. ಆಗ ಬೇಸನ್ನೇ ಬದಲಿಸಿ. ಪದಾರ್ಥಗಳ ಪಟ್ಟಿಯಲ್ಲಿ ಸೋಡಿಯಂ ಲಾರೆತ್ ಸಲ್ಫೇಟ್‌ನಂಥ ಡಿಟರ್ಜೆಂಟ್ ಇರುವ ಬೇಸ್ ಗಡಸು ನೀರಿಗೆ ಅಷ್ಟು ಸುಲಭವಾಗಿ ಸೋಲಲ್ಲ. ‘ಪೂರ್ತಿ ನೈಸರ್ಗಿಕ’ ಬೇಸೇ ಬೇಕು, ಬೋರ್ ನೀರಲ್ಲಿ ಬೆಟ್ಟದಷ್ಟು ನೊರೆಯೂ ಬೇಕು ಅಂದರೆ ನಾನೇನೂ ಮಾಡಲಾರೆ.

ಮತ್ತೊಬ್ಬ ಸದಸ್ಯರು: ಸೋಡಿಯಂ ಸಿಟ್ರೇಟ್ ಬದಲು ನಿಂಬೆರಸ ಹಾಕಬಹುದಲ್ವಾ? ಎರಡೂ ಒಂದೇ ಅಲ್ವಾ?

ಉತ್ತರ: ಅಲ್ಲ. ನಿಂಬೆರಸ ಆಮ್ಲ, ಸೋಪು ಕ್ಷಾರೀಯ. ಆಮ್ಲ ಬಿದ್ದರೆ ಸೋಪು ಒಡೆದು ಮತ್ತೆ ಕೊಬ್ಬಿನ ಆಮ್ಲವಾಗುತ್ತೆ, ಅಂದರೆ ನೊರೆ ಇನ್ನೂ ಕಡಿಮೆ. ಮೇಲಾಗಿ ಹಸಿ ರಸ ಸೋಪಿನೊಳಗೆ ಕೆಡುತ್ತೆ. ವಿನೆಗರ್‌ಗೂ ಇದೇ ಮಾತು.

ಮತ್ತೊಬ್ಬ ಸದಸ್ಯರು: ಮೇಡಂ, ನಾನು ಬಾಡಿ ವಾಶ್ ಬೆರೆಸ್ತೀನಿ. ನೊರೆ ಬರುತ್ತೆ, ಆದ್ರೆ ಸೋಪ್ ಮೆತ್ತಗಾಗಿ ಅಚ್ಚಿಂದ ಬರೋದೇ ಇಲ್ಲ.

ಉತ್ತರ: ಬಾಡಿ ವಾಶ್‌ನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತೆ, ಜೊತೆಗೆ ದಪ್ಪಗಾಗಲು ಹಾಕಿದ ಉಪ್ಪು. ಅದರಲ್ಲಿ ನೊರೆಗೆ ಕೆಲಸ ಮಾಡುವ ವಸ್ತುವನ್ನೇ ನೇರವಾಗಿ ಹಾಕಿ: ಕೋಕಮಿಡೊಪ್ರೊಪೈಲ್ ಬೀಟೈನ್. ತೆಂಗಿನೆಣ್ಣೆಯ ಕೊಬ್ಬಿನ ಆಮ್ಲಗಳಿಂದಲೇ ಇದನ್ನು ಮಾಡುವುದು. ತೆಂಗು ನೊರೆಗೆ ಒಳ್ಳೆಯದು ಅನ್ನುವವರು ಈ ರೂಪದಲ್ಲಿ ಹಾಕಿದರೆ ನನ್ನ ತಕರಾರಿಲ್ಲ. ಅರ್ಧ ಕೆಜಿ ಬೇಸ್‌ಗೆ 10ರಿಂದ 15 ಗ್ರಾಂ ಸಾಕು. ಮಾರುಕಟ್ಟೆಯಲ್ಲಿ ಸಿಗುವ ದ್ರವದಲ್ಲೂ ಬಹುಪಾಲು ನೀರೇ, ಹಾಗಾಗಿ ಶೇ. 5 ದಾಟಿದರೆ ನಿಮ್ಮ ಮೆತ್ತನೆ ಸೋಪಿನ ಕತೆ ಮತ್ತೆ ಶುರು. ಕೆಲವರ ಚರ್ಮಕ್ಕೆ ಬೀಟೈನ್ ಆಗಿಬರಲ್ಲ, ಬೇರೆಯವರಿಗೆ ಕೊಡುವ ಸೋಪಾದರೆ ಹಾಕಿರುವುದನ್ನು ಹೇಳಿ ಕೊಡಿ.

ಪುಡಿ ರೂಪದ ಡಿಟರ್ಜೆಂಟ್‌ಗಳಾದ ಎಸ್‌ಸಿಐ (ಸೋಡಿಯಂ ಕೋಕಾಯಿಲ್ ಐಸೆಥಿಯೋನೇಟ್), ಎಸ್‌ಎಲ್‌ಎಸ್‌ಎ (ಸೋಡಿಯಂ ಲಾರಿಲ್ ಸಲ್ಫೋಅಸಿಟೇಟ್) ಬಗ್ಗೆಯೂ ಯಾರಾದರೂ ಕೇಳೇ ಕೇಳ್ತೀರಿ. ನೊರೆ ಕೊಡುತ್ತವೆ, ನಿಜ. ಆದರೆ ಕರಗಿದ ಬೇಸ್‌ನಲ್ಲಿ ಸುಲಭಕ್ಕೆ ಬೆರೆಯಲ್ಲ, ಕಾಳುಕಾಳಾಗಿ ಉಳಿಯುತ್ತವೆ, ಪಾರದರ್ಶಕ ಸೋಪು ಮಬ್ಬಾಗುತ್ತೆ. ದೂಳು ಮೂಗಿಗೆ ಹೋದರೆ ಉರಿ, ಮಾಸ್ಕ್ ಇಲ್ಲದೆ ಡಬ್ಬ ತೆಗೆಯಲೇಬೇಡಿ. ಹೊಸಬರಿಗೆ ಬೀಟೈನ್ ಸಾಕು.

ಪ್ರಶ್ನೆ: ಕರಗಿಸುವಾಗ ಬೀಟರ್ ಹಾಕಿ ಗಾಳಿ ತುಂಬಿಸಿದ್ರೆ?

ಉತ್ತರ: ಸೋಪಿನೊಳಗೆ ತೂತುಗಳಾಗುತ್ತವೆ, ನೀರಲ್ಲಿ ತೇಲಲೂಬಹುದು, ಬೇಗ ಸವೆಯುತ್ತೆ. ಕೈಯಲ್ಲಿ ಏಳುವ ನೊರೆಗೂ ಅದಕ್ಕೂ ಸಂಬಂಧವಿಲ್ಲ. ಗಾಳಿ ತುಂಬಬೇಕಾದ್ದು ಉಜ್ಜುವಾಗ. ಸೋಪನ್ನು ಬಲೆಯ ಚೀಲದಲ್ಲಿಟ್ಟು ಉಜ್ಜಿದರೆ ಏನೂ ಬೆರೆಸದ ಬೇಸೂ ಎದ್ದು ಕಾಣುವಷ್ಟು ಹೆಚ್ಚು ನೊರೆ ಬಿಡುತ್ತೆ.

ಕರಗಿಸುವ ಬಗ್ಗೆ ಹೇಳಬೇಕಾದ್ದು ಶಾಖದ ವಿಚಾರ. ಡಬಲ್ ಬಾಯ್ಲರ್‌ನಲ್ಲಿ (ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು) ನಿಧಾನಕ್ಕೆ, 70 ಡಿಗ್ರಿ ಸೆಲ್ಸಿಯಸ್ ದಾಟದಂತೆ ಕರಗಿಸಿ. ಕುದಿಸಿದರೆ ನೀರಿನಂಶ ಆರಿ ಬೇಸ್ ರಬ್ಬರಿನಂತಾಗುತ್ತೆ, ನೀರಲ್ಲಿ ಕರಗುವುದೂ ನೊರೆ ಬಿಡುವುದೂ ತಡವಾಗುತ್ತೆ. ಪದೇ ಪದೇ ಕರಗಿಸಿದ ಬೇಸ್‌ನ ಗತಿಯೂ ಅದೇ. ಕ್ಲೇ, ಇದ್ದಿಲ ಪುಡಿ ಹಾಕುವವರು ಅರ್ಧ ಕೆಜಿಗೆ ಒಂದು ಟೀ ಚಮಚದಲ್ಲಿ ನಿಲ್ಲಿಸಿ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಈಗ ಮಾಡಿಟ್ಟಿರೋ ಜಿಡ್ಡು ಸೋಪ್ ಎಸೆಯೋದಾ? ಮನಸ್ಸು ಬರ್ತಿಲ್ಲ.

ಉತ್ತರ: ಎಸೆಯಬೇಡಿ. ಒಂದೇ ಸಲ ಸರಿಮಾಡಲು ಹೋದರೆ ನಿಮ್ಮ 40 ಗ್ರಾಂ ಎಣ್ಣೆ ಶೇ. 1ಕ್ಕೆ ಇಳಿಯಲು ಒಟ್ಟು 4 ಕೆಜಿ ಸೋಪ್ ಮಾಡಬೇಕಾಗುತ್ತೆ! ಅದರ ಬದಲು ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿಡಿ. ಪ್ರತಿ ಸಲ 100 ಗ್ರಾಂ ತೆಗೆದುಕೊಂಡು 500 ಗ್ರಾಂ ಪಾರದರ್ಶಕ ಬೇಸ್ ಜೊತೆ ಕರಗಿಸಿ. ಎಣ್ಣೆ ಶೇ. 1ರ ಆಸುಪಾಸಿಗೆ ಬರುತ್ತೆ. ಆ ಸೋಪಿಗೆ ಬೇರೆ ಎಣ್ಣೆ ಬೇಡ, ಸುಗಂಧ ಶೇ. 1ರಷ್ಟು ಮಾತ್ರ, ಬೀಟೈನ್ 15 ಗ್ರಾಂ.