ಹಲಸಿನ ಹಪ್ಪಳಕ್ಕೆ ಮೊದಲು ಬೇಕಾದದ್ದು ಯೋಜನಾ ವರದಿಯೇ, ಬಿಸಿಲೇ?

ಪ್ರಶ್ನೆ: ಬದಿಯಡ್ಕ ಕಡೆಯ ಸದಸ್ಯೆ, ಏಪ್ರಿಲ್ 12

ಸರ್, ನಮಸ್ಕಾರ. ನಮ್ಮ ತೋಟದಲ್ಲಿ ಹದಿನಾಲ್ಕು ಹಲಸಿನ ಮರಗಳಿವೆ. ಅತ್ತೆಯವರು ಮಾಡುವ ಹಪ್ಪಳಕ್ಕೆ ನೆಂಟರಿಷ್ಟರಲ್ಲಿ ಒಳ್ಳೆಯ ಹೆಸರಿದೆ. ಅದನ್ನೇ ಮಾರಾಟಕ್ಕೆ ಮಾಡಬೇಕೆಂದು ಕಳೆದ ಆಗಸ್ಟ್‌ನಿಂದ ತಯಾರಿ ನಡೆಸಿದ್ದೇನೆ. ಎಕ್ಸೆಲ್‌ನಲ್ಲಿ ಐದು ವರ್ಷಗಳ ಲೆಕ್ಕ ಹಾಕಿದ್ದೇನೆ, ಲಾಂಛನಕ್ಕೆ ಮೂರು ವಿನ್ಯಾಸ ಮಾಡಿಸಿದ್ದೇನೆ, ಒಣಗಿಸುವ ಯಂತ್ರಕ್ಕೆ ನಾಲ್ಕು ಕಡೆಯಿಂದ ದರಪಟ್ಟಿ ತರಿಸಿದ್ದೇನೆ. ಹೆಸರು ಇನ್ನೂ ಇತ್ಯರ್ಥವಾಗಿಲ್ಲ. ಚಿಪ್ಸ್ ಕೂಡ ಸೇರಿಸಬೇಕೇ, ಮಂಗಳೂರಿನ ಅಂಗಡಿಗಳಿಗೂ ಕೊಡಬೇಕೇ, ಸಾಲ ತೆಗೆಯಬೇಕೇ ಎಂಬುದೂ ತೀರ್ಮಾನವಾಗಿಲ್ಲ. ಎಲ್ಲವೂ ಕೂಡಿಬಂದ ಮೇಲೆ ಮುಂದಿನ ವರ್ಷ ಆರಂಭಿಸಿದರೆ ಒಳ್ಳೆಯದಲ್ಲವೇ? ಯೋಜನಾ ವರದಿ ಕಳುಹಿಸಿದರೆ ನೋಡಿ ಹೇಳುವಿರಾ?

ಉತ್ತರ: ಲೆಕ್ಕಪರಿಶೋಧಕ, ಕಾಸರಗೋಡು

ಅಕ್ಕ, ವರದಿ ಕಳುಹಿಸಿ, ಖಂಡಿತ ಓದುತ್ತೇನೆ. ಆದರೆ ಅದಕ್ಕಾಗಿ ಕಾಯಬೇಡಿ. ಹಪ್ಪಳಕ್ಕೆ ಬೇಕಾದ ಬಲಿತ ಕಾಯಿ ಮರದಲ್ಲಿರುವುದು ಈಗ. ಪತ್ತನಾಜೆಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೆಯ ದಿನಕ್ಕೆ, ಇನ್ನು ಆರು ವಾರ, ಅದರ ಬೆನ್ನಿಗೇ ಮಳೆ. ಈ ಬಿಸಿಲು ಕೈತಪ್ಪಿದರೆ ಎಂಟು ತಿಂಗಳ ತಯಾರಿಗೆ ಇನ್ನೊಂದು ವರ್ಷ ಸೇರುತ್ತದೆ, ಅಷ್ಟೇ.

ಒಂದು ಕೆಲಸವನ್ನು ಮಾತ್ರ ಮಾರಾಟಕ್ಕಿಂತ ಮೊದಲೇ ಮುಗಿಸಬೇಕು. ಇದರಲ್ಲಿ ನಾನು ಸಡಿಲ ಬಿಡುವವನಲ್ಲ. ಅದು ಆಹಾರ ಸುರಕ್ಷತೆಯ ನೋಂದಣಿ. ನಿಮ್ಮಂತಹ ಸಣ್ಣ ವಹಿವಾಟಿನ ತಯಾರಕರಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ ಸರಳ ನೋಂದಣಿ ಸಾಕು. ಶುಲ್ಕ ವರ್ಷಕ್ಕೆ 100 ರೂಪಾಯಿ. ಇಂದೇ ಅರ್ಜಿ ಹಾಕಿ. ಪರರ ಮಕ್ಕಳು ತಿನ್ನುವ ವಸ್ತುವಿಗೆ ನಾವು ಹೊಣೆಗಾರರು.

ಉಳಿದ ಕಾಗದಪತ್ರಗಳಿಗೆ ಕಾನೂನೇ ನಿಮಗೆ ಸಮಯ ಕೊಟ್ಟಿದೆ. ಕೇರಳದ 2019ರ ಕಾಯ್ದೆಯಂತೆ, ಹೆಚ್ಚು ಮಾಲಿನ್ಯದ ಕೆಂಪು ಪಟ್ಟಿಗೆ ಸೇರದ ಸಣ್ಣ ಉದ್ದಿಮೆಗೆ ಕೆ-ಸ್ವಿಫ್ಟ್ ಜಾಲತಾಣದಲ್ಲಿ ಸ್ವೀಕೃತಿ ಪತ್ರ ಸಿಗುತ್ತದೆ. ಅದು ಕೈಯಲ್ಲಿದ್ದರೆ ಪಂಚಾಯತ್ ಪರವಾನಗಿಯಂತಹ ರಾಜ್ಯದ ಅನುಮತಿಗಳಿಲ್ಲದೆಯೂ ಮೂರು ವರ್ಷ ಕೆಲಸ ನಡೆಸಬಹುದು. ಆಮೇಲೆ ಆರು ತಿಂಗಳಲ್ಲಿ ಅವನ್ನು ಪಡೆದರಾಯಿತು. ಪೊಟ್ಟಣ ಕಟ್ಟುವವರು ತೂಕ-ಅಳತೆ ನೋಡುವ ಕಾನೂನು ಮಾಪನ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಲು ಕೆಲಸ ಆರಂಭಿಸಿದ ದಿನದಿಂದ 90 ದಿನಗಳ ಅವಕಾಶವಿದೆ.

ಪೊಟ್ಟಣದ ಮೇಲಿನ ವಿವರಗಳು ಮಾತ್ರ ಮೊದಲ ಕಟ್ಟಿನಿಂದಲೇ ಸರಿಯಾಗಿರಲಿ: ಪದಾರ್ಥಗಳು, ನಿವ್ವಳ ತೂಕ, ತಯಾರಿಯ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ಗರಿಷ್ಠ ಬೆಲೆ, ವಿಳಾಸ, ದೂರವಾಣಿ, ನೋಂದಣಿಯ ಹದಿನಾಲ್ಕು ಅಂಕಿಗಳ ಸಂಖ್ಯೆ ಮುಂತಾದವು. ಕನ್ನಡ, ಮಲಯಾಳದಲ್ಲಿ ಬರೆದರೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲೇಬೇಕು. ನಿಮ್ಮದೇ ಆದ ಲಾಂಛನ ಇರಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಹೆಸರು ಹೊಳೆಯುವವರೆಗೆ ನಿಮ್ಮ ಮನೆಯ ಹೆಸರೇ ಸಾಕು.

ಚಿಪ್ಸ್ ಈ ವರ್ಷ ಬೇಡ. ಗಡಿಯ ಈಚೆ, ಕೇರಳದಲ್ಲಿರುವ ನಮಗೆ ಇದು ಮುಖ್ಯ. ತಲಪಾಡಿ ದಾಟಿ ಮಂಗಳೂರಿಗೆ ಮಾರಿದರೆ ಅದು ಅಂತರರಾಜ್ಯ ಮಾರಾಟ. ತೆರಿಗೆ ಬೀಳುವ ಸರಕಾದರೆ, ವಹಿವಾಟು ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಕಡ್ಡಾಯ. ಚಿಪ್ಸ್‌ಗೆ ತೆರಿಗೆ ಇದೆ, ಹಪ್ಪಳಕ್ಕೆ ಇಲ್ಲ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಅಗತ್ಯವೂ ಇಲ್ಲ. ಹಪ್ಪಳದಲ್ಲೇ ನಿಂತರೆ ನಿಮ್ಮ ಅರ್ಧ ಚಿಂತೆ ಇಲ್ಲಿಗೇ ಮುಗಿಯಿತು.

ಯಂತ್ರದ ಬಗ್ಗೆ: ನನ್ನಲ್ಲಿಗೆ ಬರುತ್ತಿದ್ದ ಯುವಕರೊಬ್ಬರು ಅಡಿಕೆ ಹಾಳೆ ತಟ್ಟೆಯ ಘಟಕಕ್ಕೆ ವರ್ಷವಿಡೀ ಯೋಜನೆ ಮಾಡಿದರು. ಅರುವತ್ತು ಪುಟಗಳ ವರದಿ. ನಾನೇ ಸಹಿ ಹಾಕಿದ್ದೆ. ಹತ್ತು ಇಂಚಿನ ಅಚ್ಚುಗಳನ್ನು ಕೊಂಡು ಕುಳಿತ ಮೇಲೆ ಅಡುಗೆ ಗುತ್ತಿಗೆಯವರ ಬಳಿ ಹೋದರೆ, ಊಟಕ್ಕೆ ಹನ್ನೆರಡು ಇಂಚಿನದೇ ಬೇಕು ಎಂದರು. ಬಾಡಿಗೆ ಯಂತ್ರದಲ್ಲಿ ಐವತ್ತು ತಟ್ಟೆ ಒತ್ತಿಸಿ ತೋರಿಸಿದ್ದರೆ ಒಂದೇ ದಿನದಲ್ಲಿ ತಿಳಿಯುತ್ತಿತ್ತು. ಅಂದಿನಿಂದ ಕೊಳ್ಳುವವರ ಒಂದು ಮಾತಾದರೂ ಇಲ್ಲದ ವರದಿಗೆ ಸಹಿ ಹಾಕುವಾಗ ನನ್ನ ಕೈ ತಡೆಯುತ್ತದೆ.

ನೋಂದಣಿ ಬಂದ ಕೂಡಲೇ ಐದಾರು ಕಾಯಿ ಕೊಯ್ಸಿ, ಹಪ್ಪಳ ಮಾಡಿ, ನಿಮ್ಮ ಪರಿಚಯ ಅಷ್ಟಾಗಿ ಇಲ್ಲದ ಎರಡು ಅಂಗಡಿಗಳಿಗೆ ಕೊಡಿ.

ಅದೇ ಸದಸ್ಯೆ

ಸರ್, ನಿಜ ಹೇಳುತ್ತೇನೆ. ಹೆಸರು, ಯಂತ್ರ ಎಲ್ಲ ನೆಪ. ನೆಂಟರು ಚೆನ್ನಾಗಿದೆ ಎನ್ನುತ್ತಾರೆ, ಹಣ ಕೊಟ್ಟವರು ಚೆನ್ನಾಗಿಲ್ಲ ಎಂದರೆ? ಅತ್ತೆಯವರಿಗೆ ಎಪ್ಪತ್ತೆರಡು ವರ್ಷ. ಅವರ ಕೈರುಚಿಗೆ ಊರಲ್ಲಿ ಕೆಟ್ಟ ಹೆಸರು ಬಂದರೆ ನನಗೆ ತಡೆಯದು.

ಉತ್ತರ

ಇದನ್ನು ಬರೆದದ್ದು ಒಳ್ಳೆಯದಾಯಿತು ಅಕ್ಕ. ಈ ಭಯಕ್ಕೆ ಎಕ್ಸೆಲ್‌ನಲ್ಲಿ ಕಾಲಂ ಇಲ್ಲ. ಅದಕ್ಕೇ ಅದು ಎಂಟು ತಿಂಗಳು ಬೇರೆ ಬೇರೆ ಕಾಲಂಗಳಲ್ಲಿ ಅಡಗಿ ಕುಳಿತಿತ್ತು.

ಇಪ್ಪತ್ತು ಕಟ್ಟಿನಲ್ಲಿ ತಪ್ಪಾದರೆ ಇಪ್ಪತ್ತು ಮನೆಗೆ ತಿಳಿಯುತ್ತದೆ. ಹಣ ಹಿಂದಿರುಗಿಸಿ, ಉಪ್ಪು ಹೆಚ್ಚಾಗಿತ್ತು ಎಂದು ಒಪ್ಪಿಕೊಂಡರೆ ನಮ್ಮ ಜನ ಮುನಿಸು ಇಟ್ಟುಕೊಳ್ಳುವವರಲ್ಲ. ಸಾಲ ತೆಗೆದು, ಯಂತ್ರ ಕೂರಿಸಿ, ಎರಡು ಸಾವಿರ ಕಟ್ಟು ಕಳುಹಿಸಿದ ಮೇಲೆ ಅದೇ ತಪ್ಪು ಕಂಡರೆ ತಿದ್ದುವುದು ಬಹಳ ಕಷ್ಟ. ಮೊದಲು ಅತ್ತೆಯವರನ್ನೇ ಕೇಳಿ. ಅವರಿಗೆ ನಿಮ್ಮಷ್ಟು ಭಯ ಇರಲಾರದು ಎಂದು ನನ್ನ ಎಣಿಕೆ.

ಮುಳ್ಳೇರಿಯದ ಸದಸ್ಯ

ಸರ್, ಮೊದಲೇ ಶುರು ಮಾಡಿದರೆ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯ ಸಹಾಯಧನ ತಪ್ಪುವುದಿಲ್ಲವೇ?

ಉತ್ತರ

ಸರಿಯಾದ ಪ್ರಶ್ನೆ. ಆ ಯೋಜನೆಯ ಮೊದಲ ಸಾಲ ಹೊಸ ಘಟಕಗಳಿಗೆ ಮಾತ್ರ. ಗ್ರಾಮೀಣ ಮಹಿಳೆಗೆ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನವಿದೆ, ಸಣ್ಣ ಮೊತ್ತವೇನಲ್ಲ. ಆದರೆ ಅದು ಬ್ಯಾಂಕಿನ ಸಾಲಕ್ಕೆ ಅಂಟಿಕೊಂಡೇ ಬರುತ್ತದೆ. ಉಳಿದದ್ದನ್ನು ತೀರಿಸುವುದು ನೀವೇ. ಅಕ್ಕ, ಒಂದು ದಿನ ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ನಿಮ್ಮ ಸ್ಥಿತಿ ಹೇಳಿ ಕೇಳಿ ಬನ್ನಿ. ಅದಕ್ಕೆ ಒಂದು ದಿನ ಸಾಕು, ಒಂದು ವರ್ಷ ಬೇಡ. ಕೊಳ್ಳುವವರು ಯಾರೆಂದು ತಿಳಿಯದ ಸರಕಿಗೆ ಸಹಾಯಧನದ ಆಸೆಯಿಂದ ಸಾಲ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಅದೇ ಸದಸ್ಯೆ, ಏಪ್ರಿಲ್ 26

ಸರ್, ನೋಂದಣಿ ಬಂತು. ಮೊನ್ನೆ ಆರು ಕಾಯಿ ಕೊಯ್ಸಿದೆವು. ನಾನು, ಅತ್ತೆ, ನೆರೆಮನೆಯ ಅಕ್ಕ ಸೇರಿ ಸೊಳೆ ಬಿಡಿಸಿ, ಬೇಯಿಸಿ, ಅರೆದು ಒತ್ತಿದೆವು. ಮುನ್ನೂರ ಹತ್ತು ಹಪ್ಪಳವಾಯಿತು. ಸಂಜೆ ಮೋಡ ಬಂದು ಚಾಪೆ ಸಮೇತ ಒಳಗೆ ಹೊರುವಾಗ ನಲುವತ್ತು ಹರಿದವು. ನೀರ್ಚಾಲಿನ ಅಂಗಡಿಯವರು ಐವತ್ತರ ಕಟ್ಟು ಬೇಡ, ಇಪ್ಪತ್ತೈದರದ್ದು ಕೊಡಿ ಎಂದರು. ಬಿಚ್ಚಿ ಮತ್ತೆ ಕಟ್ಟಿದೆವು. ಹತ್ತು ಕಟ್ಟಿನಲ್ಲಿ ಏಳು ಹೋಗಿವೆ. ಒಬ್ಬರು ಖಾರ ಸಾಲದು ಎಂದರಂತೆ. ಅತ್ತೆ ಅದನ್ನು ಕೇಳಿ, ಹಾಗಾದರೆ ಮುಂದಿನ ಸಲ ಎರಡು ಬಗೆ ಮಾಡೋಣ ಎಂದರು! ನಾಳೆ ಇನ್ನೂ ಹತ್ತು ಕಾಯಿ ಕೊಯ್ಸುತ್ತೇವೆ. ಬೆಲೆ ಇಷ್ಟೇ ಇರಲೇ?

ಉತ್ತರ

ಬಹಳ ಸಂತೋಷವಾಯಿತು ಅಕ್ಕ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ವರದಿ ಓದಿದೆ. ಮೂರನೆಯ ಪುಟದಲ್ಲಿ ಕೂಲಿ ಎಂಬಲ್ಲಿ ಸೊನ್ನೆ ಇದೆ. ನಾಳೆ ಸೊಳೆ ಬಿಡಿಸಲು ಕುಳಿತಾಗ ಗಡಿಯಾರ ನೋಡಿ. ಎಷ್ಟು ಹೊತ್ತಿಗೆ ಕುಳಿತಿರಿ, ಎಷ್ಟು ಹೊತ್ತಿಗೆ ಎದ್ದಿರಿ ಎಂದು ಮೂವರ ಹೆಸರಿನ ಮುಂದೆಯೂ ಬರೆದಿಡಿ. ಆ ಹಾಳೆಯ ಚಿತ್ರ ಕಳುಹಿಸಿ, ಬೆಲೆಯನ್ನು ಅದರ ಮೇಲೆ ಹಾಕೋಣ.