ಕತ್ತಲ ಕೋಣಿ ಕಟ್ಟೇನಿ, ಒಂದ್ ಮಾಬ್ (ಆಟದಾಗಿನ ಜೀವಿ) ಬರವಲ್ದು: ಅನುಭವ ಇದ್ದವ್ರು ಹೇಳ್ರಿ

ಹಾವೇರಿ ಹುಡುಗ: ಮೈನ್‌ಕ್ರಾಫ್ಟ್, ಮೊಬೈಲ್‌ನ್ಯಾಗ ಬೆಡ್‌ರಾಕ್ ಆವೃತ್ತಿ, ಸರ್ವೈವಲ್. ಸಿಡಿಯೂ ಮಾಬ್ ಕ್ರೀಪರ್ ಸತ್ರ ಬೀಳೂ ಗನ್‌ಪೌಡರ್ ಬೇಕಾಗೇತಿ. ಸಮುದ್ರದ ಮ್ಯಾಗ ಕತ್ತಲ ಕೋಣಿ ಕಟ್ಟೇನಿ, ನಾ ನಿಲ್ಲೂ ಜಾಗದಿಂದ 60 ಬ್ಲಾಕ್ ಎತ್ತರ. ಸಿಮ್ಯುಲೇಶನ್ ಡಿಸ್ಟನ್ಸ್ (ನನ್ನ ಸುತ್ತ ಎಷ್ಟ ದೂರ ಆಟ ನಡೀಬೇಕು ಅನ್ನೂ ಸೆಟ್ಟಿಂಗ್) 4. ತಾಸುಗಟ್ಲೆ ನಿಂತ್ರೂ ಏನೂ ಬೀಳವಲ್ದು. ನೀವೆಲ್ಲ ಹೆಂಗ ಮಾಡೀರಿ?

ಸಪ್ತಾಪುರ, ಧಾರವಾಡ: ಗವಿ ಬೆಳಗ್ರಿ, ಬ್ಯಾರೆ ಹಾದಿ ಇಲ್ಲ. ನಾ ಕಂಪ್ಯೂಟರ್‌ದಾಗ ಜಾವಾ ಆವೃತ್ತಿ ಆಡಾಂವ. ಒಬ್ನ ಆಡೂವಾಗ ಹೋಸ್ಟೈಲ್ ಕ್ಯಾಪ್, ಅಂದ್ರ ವೈರಿ ಮಾಬ್‌ಗೋಳ ಮಿತಿ, 70. ನೆಲದಾಗಿನ ಗವಿಯೊಳಗ 70 ತುಂಬಿದ್ವು ಅಂದ್ರ ನಿಮ್ಮ ಕೋಣಿಗೆ ಪಾಲು ಎಲ್ಲಿಂದ ಬರ್ಬೇಕು? ಸುತ್ತ 128 ಬ್ಲಾಕ್ ತನಕ ಸಂದಿಗೊಂದಿ ಬಿಡದ ಟಾರ್ಚ್ ಹಚ್ಚೀನಿ. ಒಂದ್ ಇದ್ದಲಿ, ಒಂದ್ ಕಡ್ಡಿಗೆ ನಾಕ ಟಾರ್ಚ್. ಇದ್ದಲಿ ಮುಗದು ಗಿಡಾ ಕಡ್ದು ಸುಟ್ಟು ಚಾರ್ಕೋಲ್ ಮಾಡಿದೆ. ನಡುವ ಕ್ರೀಪರ್ ಬಂದು ಪೆಟ್ಟಿಗಿ ಹಾರಿಸ್ತು, ಕೆಳಗ ಲಾವಾ, ಡೈಮಂಡ್ ಗುದ್ಲಿ ಸೈತ ಹೋತು. ಇಷ್ಟೆಲ್ಲ ಆದ ಮ್ಯಾಲ 2021ರಾಗ 1.18 ಅಪ್‌ಡೇಟ್ ಬಂತು. ಮದ್ಲ ಬೆಳಕು 7 ಇದ್ರೂ ಹುಟ್ತಿದ್ವು, ಈಗ 0 ಇದ್ರ ಅಷ್ಟ. ಅರ್ಧಕ್ಕರ್ಧ ಟಾರ್ಚ್ ದಂಡ. ಆದ್ರೂ ನನ್ನ ಫಾರ್ಮ್ ನೋಡಿದವ್ರು ಬಾಯ್ ಮ್ಯಾಲ ಬಳ್ಳ ಇಟ್ಕೋತಾರ.

ಬೆಟಗೇರಿ, ಗದಗ: ಹುಡುಗ ಸಮುದ್ರದ ಮ್ಯಾಗ ಕಟ್ಟೇನಿ ಅಂತಾನ, ನೀವು ಗವಿ ಪುರಾಣ ಹಚ್ಚೀರಿ! ಗನ್‌ಪೌಡರ್‌ಗೆ ಟ್ರ್ಯಾಪ್‌ಡೋರ್ ಬೇಕ್ರಿ. ಎರಡ ಬ್ಲಾಕ್ ಎತ್ತರದ ಕೋಣಿ, ಮಾಳಿಗಿ ತುಂಬ ಟ್ರ್ಯಾಪ್‌ಡೋರ್. ಝೋಂಬಿ, ಸ್ಕೆಲಿಟನ್ ತಲಿ ಹಿಡಿಯೂದಿಲ್ಲ, ಗಿಡ್ಡ ಕ್ರೀಪರ್ ಹಿಡಿತೈತಿ. ಆರ್ ಹಲಗಿಗೆ ಎರಡ ಟ್ರ್ಯಾಪ್‌ಡೋರ್. ನಾ ನಾಕ ಅಂತಸ್ತು ಕಟ್ಟಿದಾಂವ, ಓಕ್ ಅಡವಿ ಬೋಳಾತು. ಆಮ್ಯಾಲ ಜ್ಯಾಡ ಬಂದು ಗ್ವಾಡಿಗೆ ಅಂಟಿ ಕುಂತ್ವು. ಅವನ್ನ ತಡಿಯಾಕ ನಡನಡುವ ಕಾರ್ಪೆಟ್, ಕಾರ್ಪೆಟ್‌ಗೆ ಉಣ್ಣಿ, ಉಣ್ಣಿಗೆ ಕುರಿ, ಕುರಿ ಹೊಡ್ಕೊಂಡ್ ಬರೂದ್ರಾಗ ತ್ವಾಳ ಎರಡ ತಿಂತು. ಕ್ರೀಪರ್ ಓಡ್ಸಾಕ ಬೆಕ್ಕು ಬ್ಯಾರೆ, ಅದಕ್ಕ ಹಸಿ ಮೀನಾ.

ಸಪ್ತಾಪುರ, ಧಾರವಾಡ: ಆಕಾಶದಾಗ ಕಟ್ಟಿದವ್ರು ನಮಗ ಹೇಳ್ತೀರೇನ್ರಿ? ಜಾವಾದಾಗ ಆಟ ಮಾಬ್ ಹುಟ್ಸಾಕ ಬುಡದಿಂದ ಆ ಜಾಗದ ತುದಿ ಬ್ಲಾಕ್ ತನಕ ಯಾವ್ದರ ಒಂದ್ ಎತ್ತರ ಆರಿಸ್ತದ. ಎತ್ತರ ಹೋದಷ್ಟ ನಿಮ್ಮ ಕೋಣಿಗೆ ಚೀಟಿ ಹತ್ತೂದು ಕಡಿಮಿ.

ಬೆಟಗೇರಿ, ಗದಗ: ನನ್ನ ಪೆಟ್ಟಿಗಿ ತುಂಬೇತಿ. ನಿಮ್ಮದು ಲಾವಾದಾಗ ಐತಿ.

ವಿದ್ಯಾನಗರ, ಹುಬ್ಬಳ್ಳಿ: ಇಬ್ರೂ ಜಾವಾದ್ದ ಹೇಳಾಕತ್ತೀರಿ, ತಮ್ಮ ಕೇಳಿದ್ದು ಬೆಡ್‌ರಾಕ್. ಸಿಮ್ಯುಲೇಶನ್ 4 ಇದ್ರ ನಿಂತ ಜಾಗದಿಂದ 24ರಿಂದ 44 ಬ್ಲಾಕ್ ಒಳಗಷ್ಟ ಹುಟ್ತಾವ. 60ಕ್ಕ ಏನ್ ಬೀಳ್ತೈತಿ, ಮಣ್ಣ? ನಾನೂ 6 ಮಾಡಿ ನೋಡೀನಿ. ಫೋನ್ ಕಾದ ಹಂಚಾಗಿ ಆಟ ತಾನ ಬಂದಾತು, ಹೊಳ್ಳಿ ತಗದ್ರ ಲೋಕದ ಒಂದ್ ಮೂಲಿ ಕೆಟ್ಟು ಹೋಗಿತ್ತು. ಆ ಮೂಲ್ಯಾಗ ನನ್ನ ವಿಲೇಜರ್‌ಗೋಳು, ಮೆಂಡಿಂಗ್ ಪುಸ್ತಕ (ಸಾಮಾನು ರಿಪೇರಿ ಮಾಡೂ ಮಂತ್ರದ್ದು) ಮಾರಾಂವ ಸೈತ. ಅಂವನ್ನ ಗಂಟ್ ಬೀಳ್ಸಾಕ ಲೆಕ್ಟರ್ನ್ (ಪುಸ್ತಕ ಇಡೂ ಮೇಜು) ಒಡ್ದು ಇಟ್ಟು, ಒಡ್ದು ಇಟ್ಟು ಬೆರಳ ನೊಂದಿದ್ವು.

ಸಪ್ತಾಪುರ, ಧಾರವಾಡ: ಮೊಬೈಲ್‌ದಾಗ ಆಡೂದೂ ಒಂದ್ ಆಟೇನ್ರಿ ಅಕ್ಕಾರ?

ವಿದ್ಯಾನಗರ, ಹುಬ್ಬಳ್ಳಿ: ಕಂಪ್ಯೂಟರ್ ಯಾರ್ ಕೊಡಿಸ್ಯಾರ್ರಿ ನಿಮಗ? ಸ್ವಂತ ದುಡದ್ ತಗೊಂಡ್ ಮ್ಯಾಲ ಮಾತಾಡ್ರಿ.

ಹಾವೇರಿ ಹುಡುಗ: ಅಕ್ಕಾರ, 44 ಅಂದ್ರ ತಲಿಯಿಂದ ಅಳಿಬೇಕೋ ಕಾಲಿನಿಂದೋ?

ಬೆಟಗೇರಿ, ಗದಗ: ಅಕ್ಕಾರ, ಮೆಂಡಿಂಗ್ ಎಷ್ಟ ಎಮರಾಲ್ಡ್‌ಗೆ ಕೊಡ್ತಿದ್ದ ಅಂವಾ? ನಮ್ಮಾಂವ 38ಕ್ಕಿಂತ ಕೆಳಗ ಇಳಿವಲ್ಲ.